ಕಿಡ್ನಿ ತೆಗೆಯುವ ಮೊದಲು ಒಂದು ಸೂಜಿ

"ಗಡ್ಡಿಗೆ ಸೂಜಿ ಚುಚ್ಚಿದ್ರ ಮೈತುಂಬ ಹರಡತೈತಿ." ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳದವರಿಲ್ಲ. ನಮ್ಮ ಕಾಕಾರ ಹಿರಿಯ ಅಳಿಯ ಇದನ್ನೇ ಹಟಹಿಡಿದು ಕೂತರು.

ಕಾಕಾರ ಬಲಗಿಡ್ನಿ ಹರಳಿನಿಂದ ಮೊದಲೇ ಕೆಟ್ಟಿತ್ತು. ಬೆನ್ನುನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಎಡಗಿಡ್ನಿಯಲ್ಲಿ 3 ಸೆಂ.ಮೀ. ಗಡ್ಡೆ ಕಂಡಿತು. ಮೊದಲು ನೋಡಿದ ವೈದ್ಯರು "ಕ್ಯಾನ್ಸರ್ ಇರಬೇಕು, ಕಿಡ್ನಿ ತೆಗೀಬೇಕು" ಎಂದು ಮುಗಿಸಿಬಿಟ್ಟರು. ತೆಗೆದ ಮೇಲೆ ಡಯಾಲಿಸಿಸ್ಸೇ ಗತಿ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹುಬ್ಬಳ್ಳಿಯ ಇನ್ನೊಬ್ಬ ಮೂತ್ರರೋಗ ತಜ್ಞರು ಸಾವಕಾಶವಾಗಿ ತಿಳಿಸಿದರು. ದೊಡ್ಡ ಗಡ್ಡೆ ಕಾಂಟ್ರಾಸ್ಟ್ ಸಿ.ಟಿ.ಯಲ್ಲೇ ಕ್ಯಾನ್ಸರ್ ಎಂದು ಸ್ಪಷ್ಟವಾದರೆ ಬಯಾಪ್ಸಿ (ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದು) ಇಲ್ಲದೆ ನೇರ ಆಪರೇಷನ್ ಮಾಡುವುದು ರೂಢಿ. ಆದರೆ 4 ಸೆಂ.ಮೀ. ಒಳಗಿನ ಗಡ್ಡೆಗಳಲ್ಲಿ ಸುಮಾರು 5ರಲ್ಲಿ 1 ಕ್ಯಾನ್ಸರ್ ಆಗಿರುವುದೇ ಇಲ್ಲ. ಲಿಂಫೋಮಾ ಎಂಬ ಕ್ಯಾನ್ಸರಿನ ಅನುಮಾನವಿದ್ದಾಗ, ಬೇರೆ ಅಂಗದ ಕ್ಯಾನ್ಸರ್ ಕಿಡ್ನಿಗೆ ಬಂದಂತಿದ್ದಾಗ, ಗಡ್ಡೆಯನ್ನು ಸುಡುವ ಚಿಕಿತ್ಸೆಗೆ ಮೊದಲು, ಅಥವಾ ಕೆಲಸ ಮಾಡುವ ಕಿಡ್ನಿ ಒಂದೇ ಉಳಿದಿದ್ದಾಗ ಸೂಜಿ ಬೇಕಾಗುತ್ತದೆ. ಸೂಜಿಯ ಹಾದಿಯಲ್ಲಿ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಕೊಳವೆಯಂಥ ಹೊರಸೂಜಿಯೊಳಗಿಂದಲೇ ತುಣುಕು ತೆಗೆಯುವುದರಿಂದ ಆ ಭಯ ಇನ್ನೂ ಕಡಿಮೆ.

ಬಯಾಪ್ಸಿಗೆಂದು ಕಾಕಾ ನುಂಗುತ್ತಿದ್ದ ಆಸ್ಪಿರಿನ್ ಅನ್ನು ವೈದ್ಯರು ಮೊದಲೇ ನಿಲ್ಲಿಸಿದರು. ಸಿ.ಟಿ. ಟೇಬಲ್ ಮೇಲೆ ಬೋರಲು ಮಲಗಿಸಿ, ಆ ಜಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. "ಉಸಿರು ಹಿಡೀರಿ ಯಜಮಾನ್ರ" ಎಂಬ ಮಾತು, ಹಿಂದೆಯೇ ಟಕ್ಕೆಂಬ ಸದ್ದು. ಲ್ಯಾಬಿಗೆ ಒಯ್ಯಲು ನಮ್ಮ ಕೈಗಿತ್ತ ಫಾರ್ಮಾಲಿನ್ ಡಬ್ಬಿಯಲ್ಲಿ ಶ್ಯಾವಿಗೆ ಎಳೆಯಂಥ ತುಣುಕುಗಳಿದ್ದವು.

ಸಂಜೆ ಮೂತ್ರ ಕೆಂಪಗೆ ಬಂತು.

"ನಾ ಮೊದ್ಲ ಬಡಕೊಂಡೆ, ಯಾರರೆ ಕೇಳಿದ್ರೇನು?" ಅಳಿಯ ವಾರ್ಡಿನಲ್ಲೇ ಕೂಗಾಡಿದರು. ಕಾಕು ಗೋಡೆಗೊರಗಿ ಕುಸಿದರು. ಕಾಕಾ ಮಾತ್ರ ಕಣ್ಣುಮುಚ್ಚಿ ಮಲಗಿದ್ದರು, ಹಣೆ ಬೆವೆತಿತ್ತು. ನರ್ಸ್ ಮತ್ತೆ ಮತ್ತೆ ಬಿ.ಪಿ., ನಾಡಿ ನೋಡಿದರು. ಪ್ರತಿ ಸಲದ ಮೂತ್ರವನ್ನೂ ಬೇರೆ ಬೇರೆ ಬಾಟಲಿಯಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಎತ್ತಿ ತೋರಿಸಿದರು. ಮೊದಲನೆಯದು ಕೆಂಪು, ನಡುರಾತ್ರಿಯದು ತುಸು ಗುಲಾಬಿ, ಬೆಳಗಿನದು ತಿಳಿ. ಇಷ್ಟು ರಕ್ತ ಹೋಗುವುದುಂಟು, ಹೆಚ್ಚಿನವರಿಗೆ ತಾನೇ ನಿಲ್ಲುತ್ತದೆ, ರಕ್ತ ಏರಿಸುವ ಪ್ರಸಂಗ ಬರುವುದು ವಿರಳ ಎಂದು ವೈದ್ಯರು ಹೇಳಿದ ಮೇಲೂ ಅಳಿಯನ ಮುಖ ಸಡಿಲಲಿಲ್ಲ.

ವರದಿ ಬಂತು: ಆಂಕೋಸೈಟೋಮಾ ಇರುವ ಸಾಧ್ಯತೆ ಹೆಚ್ಚು. ಇದು ಕ್ಯಾನ್ಸರ್ ಅಲ್ಲದ ಗಡ್ಡೆ. ಆದರೆ ಕ್ರೋಮೋಫೋಬ್ ಎಂಬ ಕ್ಯಾನ್ಸರ್ ಕೂಡ ಸೂಕ್ಷ್ಮದರ್ಶಕದಲ್ಲಿ ಇದನ್ನೇ ಹೋಲುವುದರಿಂದ ಆಗಾಗ ಸ್ಕ್ಯಾನಿಂಗ್ ತಪ್ಪಿಸುವಂತಿಲ್ಲ. ಕಿಡ್ನಿಯಂತೂ ಉಳಿಯಿತು. ಈ ಹಿಂಗಾರಿಗೆ ಕಾಕಾ ತಾವೇ ನಿಂತು ಕಡಲೆ ಬಿತ್ತಿಸಿದರು.

ಇಂಥ ಪ್ರಸಂಗ ಬಂದವರು ವೈದ್ಯರನ್ನು ಮೊದಲು ಕೇಳಬೇಕಾದದ್ದು: "ಬಯಾಪ್ಸಿ ಮಾಡಿದ್ರ ಚಿಕಿತ್ಸೆ ಬದಲಾಗತೈತೇನ್ರಿ?" ರಕ್ತ ತೆಳುವಾಗಿಸುವ ಮಾತ್ರೆಯ ಸುದ್ದಿ ಮುಚ್ಚಿಡಬೇಡಿ, ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ. "ತುಣುಕು ಸಾಲದು" ಎಂಬ ವರದಿ ಬಂದರೆ ಕ್ಯಾನ್ಸರ್ ಇಲ್ಲವೆಂದಲ್ಲ, ಮತ್ತೊಮ್ಮೆ ಮಾಡಿಸಬೇಕಾಗಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುವ ರೇಷನ್ ಕಾರ್ಡು, ಆಧಾರ್ ಕೈಯಲ್ಲಿರಲಿ. ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಇಸಿದುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಎರಡನೇ ಅಭಿಪ್ರಾಯ ಕೇಳುವಾಗ ಅವೇ ಬೇಕಾಗುತ್ತವೆ.