ಕಲ್ಲುಚೂರುಗಳು ಕಲಿಸುವ ಪಾಠ

ಓದತಕ್ಕ ವೇದಭಾಗಗಳು: 1 ಅರಸುಗಳು 7:13–14, ಅಪೊಸ್ತಲರ ಕೃತ್ಯಗಳು 19:23–27.



ಕಲ್ಲುಕೆಲಸದವನಾದ ಒಬ್ಬ ಸಹೋದರನು ದೀಕ್ಷಾಸ್ನಾನ ಹೊಂದಿದ ಮೇಲೆ ನಮ್ಮ ಬಳಿಗೆ ಬಂದು, “ಉಪದೇಶಿಗಳೇ, ವಿಗ್ರಹ ಕೆತ್ತಿದ ಈ ಕೈಯಿಂದ ಪ್ರಾರ್ಥನಾಲಯದ ಕಲ್ಲನ್ನು ಮುಟ್ಟಬಹುದೋ? ಉಳಿಯನ್ನೇ ಬಿಟ್ಟುಬಿಡಲೋ?” ಎಂದು ಕೇಳಿದನು. ನಾವು ಹೆಚ್ಚು ಯೋಚಿಸದೆ, ಬಿಡುವದೇ ಕ್ಷೇಮವೆಂದು ಹೇಳಿದೆವು. ಅವನು ಉಳಿಯನ್ನು ಮಾರಿ ಕೂಲಿಗೆ ಹೋದನು. ನಾವು ಹೇಳಿದ್ದು ಸರಿಯೋ ಎಂಬ ಚಿಂತೆಯು ಅಂದಿನಿಂದ ನಮ್ಮನ್ನು ಬಿಡಲಿಲ್ಲ. ಪುರಾತನ ಸಭೆಯವರು ಇಂಥ ಸಂಗತಿಯಲ್ಲಿ ಹೇಗೆ ನಡೆದರೆಂಬದು ಅವರ ಆಲಯಗಳ ನೆಲದ ಮೇಲೆ ಇಂದಿಗೂ ಕಾಣುತ್ತದೆ. ಅದನ್ನು ನೋಡೋಣ.

1. ಈ ಕೆಲಸವು ಎಂಥದು?

ಬಣ್ಣಬಣ್ಣದ ಕಲ್ಲುಚೂರುಗಳನ್ನು ಹಸಿ ಗಾರೆಯಲ್ಲಿ ಒಂದರ ಪಕ್ಕದಲ್ಲೊಂದು ಕೂಡಿಸಿ ಮಾಡುವ ಚಿತ್ರಕ್ಕೆ ಮೊಸಾಯಿಕ್ ಎಂದು ಹೆಸರು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಮಕೆದೋನ್ಯದ ಪೆಲ್ಲಾ ಪಟ್ಟಣದಲ್ಲಿ ಗ್ರೀಕರು ಉರುಟುಗಲ್ಲುಗಳಿಂದ ಇದನ್ನು ಮಾಡುತ್ತಿದ್ದರು. ತರುವಾಯ ಕಲ್ಲನ್ನು ಚಿಕ್ಕ ಚೌಕದ ಚೂರುಗಳಾಗಿ ಕತ್ತರಿಸುವದನ್ನು ಕಲಿತರು. ರೋಮಿನವರು ಈ ವಿದ್ಯೆಯನ್ನು ಬ್ರಿಟನ್ನಿನಿಂದ ಸಿರಿಯದ ವರೆಗೂ ಹರಡಿದರು. ಗೋಡೆಗಳಿಗಾಗಿ ಗಾಜಿನ ಚೂರುಗಳೂ, ಎರಡು ಗಾಜುಗಳ ನಡುವೆ ಬಂಗಾರದ ರೇಕನ್ನು ಇಟ್ಟು ಮಾಡಿದ ಚೂರುಗಳೂ ಬಂದವು. ಆದರೆ ಆ ಕಾಲದ ಧನಿಕರ ಮನೆಗಳಲ್ಲಿ ಈ ಚೂರುಗಳು ಬಹಳ ಸಾರಿ ಅನ್ಯದೇವತೆಗಳ ಕಥೆಗಳನ್ನೇ ತೋರಿಸುತ್ತಿದ್ದವು.

2. ಸಭೆಯು ಇದನ್ನು ಹೇಗೆ ಉಪಯೋಗಿಸಿತು?

ಸತ್ಯವೇದದಲ್ಲಿ ನಾವು ಓದುವ ಮೆಗಿದ್ದೋವಿನ ಬಳಿಯಲ್ಲಿ, 2005ರಲ್ಲಿ, ಒಂದು ಸೆರೆಮನೆಯ ಆವರಣದೊಳಗೆ ಕ್ರೈಸ್ತರ ಪ್ರಾರ್ಥನೆಯ ಕೋಣೆಯೊಂದು ಸಿಕ್ಕಿತು. ಅಗೆದವರಲ್ಲಿ ಸೆರೆಯವರೂ ಇದ್ದರು. ಅದರ ನೆಲವು 3ನೆಯ ಶತಮಾನದ್ದು. ಮಧ್ಯದಲ್ಲಿ ಎರಡು ಮೀನುಗಳಿವೆ. ಅಕೆಪ್ತು ಎಂಬ ಸ್ತ್ರೀಯು ದೇವರಾದ ಯೇಸು ಕ್ರಿಸ್ತನ ಸ್ಮರಣಾರ್ಥವಾಗಿ ಮೇಜನ್ನು ಅರ್ಪಿಸಿದಳೆಂದೂ, ಗಯಾನನೆಂಬ ಶತಾಧಿಪತಿಯು ನೆಲದ ಖರ್ಚನ್ನು ಕೊಟ್ಟನೆಂದೂ, ಬ್ರೂತಿಯನೆಂಬವನು ಕೆಲಸವನ್ನು ಮಾಡಿದನೆಂದೂ ಅಲ್ಲಿ ಬರೆದಿದೆ. ಹಣ ಕೊಟ್ಟವನ ಹೆಸರಿನ ಸಂಗಡ ಕೈಕೆಲಸ ಮಾಡಿದವನ ಹೆಸರೂ ಉಳಿದದ್ದನ್ನು ಗಮನಿಸಿರಿ.

ಗಲಿಲಾಯ ಸಮುದ್ರದ ದಡದ ತಾಬ್ಗಾದಲ್ಲಿ 5ನೆಯ ಶತಮಾನದ ಆಲಯದ ನೆಲವಿದೆ. ರೊಟ್ಟಿಯ ಪುಟ್ಟಿ, ಅದರ ಎರಡು ಪಕ್ಕಗಳಲ್ಲಿ ಎರಡು ಮೀನು; ಐದು ಸಾವಿರ ಜನರಿಗೆ ಊಟವಿಟ್ಟ ಕರ್ತನ ನೆನಪು. ಅದೇ ನೆಲದಲ್ಲಿ ನೀಲನದಿಯ ನೀರಿನ ಮಟ್ಟವನ್ನು ಅಳೆಯುವ ಗೋಪುರವೂ, ಜವುಗಿನ ಗಿಡಗಳೂ, ನೀರುಹಕ್ಕಿಗಳೂ ಇವೆ. ಐಗುಪ್ತದ ಹೊಳೆಯು ಗಲಿಲಾಯಕ್ಕೆ ಹರಿದು ಬರಲಿಲ್ಲ. ಚಿತ್ರದ ಮಾದರಿಯೇ ಕೆಲಸದವರ ಮೂಲಕ ಊರಿಂದೂರಿಗೆ ನಡೆದುಬಂತು.

ಯೆಹೂದ್ಯರೂ ಇದನ್ನು ತಳ್ಳಲಿಲ್ಲ. 1929ರಲ್ಲಿ ಅಗೆಯಲ್ಪಟ್ಟ ಬೇತ್ ಆಲ್ಫಾ ಸಭಾಮಂದಿರದ 6ನೆಯ ಶತಮಾನದ ನೆಲದಲ್ಲಿ ಅಬ್ರಹಾಮನು ಇಸಾಕನನ್ನು ಅರ್ಪಿಸುವ ಚಿತ್ರವಿದೆ. ಮಾಡಿದವರು ಮರಿಯಾನನೂ ಅವನ ಮಗನಾದ ಹನೀನನೂ. ತಂದೆಗೆ ರೋಮಿನವರ ಹೆಸರು, ಮಗನಿಗೆ ಇಬ್ರಿಯರ ಹೆಸರು. ವಿದ್ಯೆ ಮಾತ್ರ ಒಂದೇ.

3. ಅದು ಮುಂದಕ್ಕೆ ಎಲ್ಲಿಗೆ ಹೋಯಿತು?

ಯೆರೂಸಲೇಮಿನಲ್ಲಿ ಮುಸಲ್ಮಾನ ಅರಸನು 691–692ರ ವೇಳೆಗೆ ಕಟ್ಟಿಸಿದ ಬಂಡೆಯ ಗುಮ್ಮಟದಲ್ಲಿ ಇದೇ ಗಾಜು, ಇದೇ ಬಂಗಾರ ಉಂಟು; ಮನುಷ್ಯರ ರೂಪ ಮಾತ್ರ ಇಲ್ಲ. 965ರ ಸುಮಾರಿಗೆ ಸ್ಪೇನಿನ ಕೋರ್ದೊಬಾದ ಮಸೀದಿಗಾಗಿ ಕಾನ್‌ಸ್ಟಾಂಟಿನೋಪಲಿನ ಕ್ರೈಸ್ತ ಚಕ್ರವರ್ತಿಯು ಚೂರುಗಳನ್ನೂ ಒಬ್ಬ ಗುರುವನ್ನೂ ಕಳುಹಿಸಿದನೆಂದೂ, ಅಲ್ಲಿಯ ಆಳುಗಳು ಅವನಿಂದ ಕಲಿತು ಅವನನ್ನೇ ಮೀರಿಸಿದರೆಂದೂ ಅರಬರ ಇತಿಹಾಸಕಾರನು ಬರೆದಿದ್ದಾನೆ.

4. ನಾವು ಕಲಿಯತಕ್ಕದ್ದೇನು?

ಸೊಲೊಮೋನನು ದೇವಾಲಯದ ತಾಮ್ರದ ಕೆಲಸಕ್ಕಾಗಿ ತೂರಿನಿಂದ ಹೀರಾಮನನ್ನು ಕರಿಸಿದನು. ಅವನ ತಂದೆ ಅನ್ಯನು, ವಿದ್ಯೆಯೂ ತೂರಿನದು. ಆದರೂ ಆ ಕೈಗಳು ದೇವರ ಆಲಯಕ್ಕೆ ಬೇಕಾದವು. ಎಫೆಸದ ದೇಮೇತ್ರಿಯನ ತಪ್ಪು ಬೆಳ್ಳಿಯಲ್ಲಿಯೂ ಇರಲಿಲ್ಲ, ಸುತ್ತಿಗೆಯಲ್ಲಿಯೂ ಇರಲಿಲ್ಲ. ಅರ್ತೆಮೀದೇವಿಯ ಗುಡಿಗಳಿಂದ ಬರುವ ಲಾಭವನ್ನು ಸತ್ಯಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದರಲ್ಲಿಯೇ ಇತ್ತು. ಆದಕಾರಣ ವಿಗ್ರಹವನ್ನು ಬಿಡತಕ್ಕದ್ದು, ವಿದ್ಯೆಯನ್ನು ಬಿಡತಕ್ಕದ್ದಲ್ಲ.

ಆದರೂ ಎಚ್ಚರವು ಬೇಕು. ಜನರು ತುಳಿಯಬಾರದೆಂದು ಶಿಲುಬೆಯ ಗುರುತನ್ನು ನೆಲದ ಮೇಲೆ ಹಾಕುವದನ್ನು ಚಕ್ರವರ್ತಿ ಥಿಯೊಡೋಸಿಯನು 427ರಲ್ಲಿ ನಿಷೇಧಿಸಿದನು. ಯಾವದನ್ನು ಎಲ್ಲಿ ಇಡಬೇಕೆಂಬ ವಿವೇಕವೂ ಭಕ್ತಿಯ ಒಂದು ಭಾಗವಾಗಿದೆ.

ನಾವು ಆ ಸಹೋದರನ ಮನೆಗೆ ಹೋಗಿ, ನಮ್ಮ ಉತ್ತರವು ತಪ್ಪಾಗಿತ್ತೆಂದು ಒಪ್ಪಿಕೊಂಡೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಉಳಿ ಹೋಯಿತು, ಕೈ ಇದೆ” ಎಂದನು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: (1) ಹೀರಾಮನಿಗೂ ದೇಮೇತ್ರಿಯನಿಗೂ ಇರುವ ಭೇದವೇನು? (2) ನಿಮ್ಮ ಹಿರಿಯರಿಂದ ಬಂದ ಯಾವ ಕೈಕೆಲಸವನ್ನು ಕರ್ತನಿಗಾಗಿ ಉಪಯೋಗಿಸಬಹುದು? (3) ನಮ್ಮ ಮಾತಿನಿಂದ ಕೆಲಸ ಬಿಟ್ಟವರು ನಿಮ್ಮ ಸಭೆಯಲ್ಲಿ ಇದ್ದಾರೋ?