ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್ ತಮ್ಮಂದಿರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಸ್ವಂತ ಕೆಲಸ ಶುರು ಮಾಡುವವರೇ, ಒಂದು ಮಾತು ಗಟ್ಟಿ ಹಿಡಿಯಿರಿ: ಐಟಿಐ ಪ್ರಮಾಣಪತ್ರ ಬೇರೆ, ವೈರ್‌ಮನ್ ಪರ್ಮಿಟ್ ಬೇರೆ. ಪರ್ಮಿಟ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ.

ಪರ್ಮಿಟ್ ಇಲ್ಲದೆ ಏನು ಮಾಡಬಹುದು? ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಸಣ್ಣದೊಂದು ವಿನಾಯಿತಿ ಕೊಟ್ಟಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಗೃಹೋಪಕರಣ, ಇವನ್ನು ಬದಲಿಸಬಹುದು; ಆದರೆ ವೈರಿಂಗ್‌ನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. ಹೊಸ ಮನೆಯ ವೈರಿಂಗ್, ಹೆಚ್ಚುವರಿ ಪಾಯಿಂಟ್, ಇವೆಲ್ಲ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಮೇಲ್ವಿಚಾರಕರ ಕಣ್ಣೆದುರಿಗೇ ಆಗಬೇಕು.

ನಮ್ಮ ಕಡೆ ನಿಜವಾದ ಪರೀಕ್ಷೆ ಹೊಲದಲ್ಲಿ. ಲಿಂಬೆ ತೋಟದ ಪಂಪ್‌ಸೆಟ್ ನಿಂತಿತೆಂದು ರೈತ ಕರೆಯುತ್ತಾನೆ. ಆ ಸ್ಟಾರ್ಟರ್ ಮೂರು ಫೇಸಿನದು, ಫೇಸುಗಳ ನಡುವೆ 415 ವೋಲ್ಟ್. ವಿನಾಯಿತಿಯೊಳಗೆ ಬರುವುದೇ ಇಲ್ಲ. ಅಲ್ಲಿಂದ ಮುಂದೆ, "ಟಿಸಿ ಫ್ಯೂಸ್ ಹೋಗೇದ, ಸ್ವಲ್ಪ ಹಾಕಿ ಕೊಡ್ರಿ" ಅನ್ನುತ್ತಾರೆ. ಕಂಬ, ಟಿಸಿ, ಮೀಟರಿನ ಸೀಲು ಹೆಸ್ಕಾಂನವು. ಮುಟ್ಟಬೇಡಿ, ಎಷ್ಟೇ ಒತ್ತಾಯ ಮಾಡಿದರೂ. ಒಂದು ಫೇಸ್ ಸತ್ತಿದ್ದರೂ ಉಳಿದೆರಡು ಜೀವಂತ ಇರುತ್ತವೆ. 1912ಕ್ಕೆ ಫೋನ್ ಮಾಡಿಸಿ, ಲೈನ್‌ಮನ್ ಬರುವವರೆಗೆ ರೈತನ ಜೊತೆ ನಿಲ್ಲಿ.

ಸದ್ಯಕ್ಕೆ ಒಳ್ಳೆಯ ಗುತ್ತಿಗೆದಾರರ ಕೈಕೆಳಗೆ ದುಡಿಯಿರಿ. ಅರ್ತಿಂಗ್ ಅಳೆಯುವುದು, 500 ವೋಲ್ಟಿನ ಮೆಗ್ಗರ್ ಹಿಡಿಯುವುದು ಅಲ್ಲೇ ಕೈಗೆ ಹತ್ತುತ್ತದೆ. ಮಾಡದ ಕೆಲಸದ ವರದಿಗೆ ಸಹಿ ಹಾಕಬೇಡಿ. ಪರ್ಮಿಟ್‌ನ ಅರ್ಜಿಯನ್ನು ಈ ತಿಂಗಳೇ ಹಾಕಿ.