ದುರ್ಗಂಧವನ್ನು ಅಡಗಿಸುವ ಗೊಬ್ಬರದ ಹಾಸು

ತಿಪ್ಪೆಯ ಮೇಲೆ ಒಂದು ಗೇಣು ಮಣ್ಣು ಹರಡಿದರೆ ನಾತ ಅಡಗುವುದೆಂಬುದು ನಿಮಗೆ ತಿಳಿದ ಸಂಗತಿಯೇ. ಮಣ್ಣು ಅಲ್ಲಿ ಕೇವಲ ಮುಚ್ಚಳವಲ್ಲ. ಅದರಲ್ಲಿರುವ ಸೂಕ್ಷ್ಮಜೀವಿಗಳು ಮೇಲೇರುವ ಅನಿಲವನ್ನು ಆಹಾರವಾಗಿ ಬಳಸಿಕೊಳ್ಳುತ್ತವೆ. ಕಾರ್ಖಾನೆಗಳ ದುರ್ಗಂಧವನ್ನು ಕಳೆಯುವ ಜೈವಿಕ ಶೋಧಕವೂ ಇದೇ ತತ್ತ್ವವನ್ನು ಅನುಸರಿಸುತ್ತದೆ. 1950ರ ದಶಕದಲ್ಲಿಯೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚರಂಡಿಯ ಅನಿಲಕ್ಕೆ ಮಣ್ಣಿನ ಹಾಸುಗಳನ್ನು ಬಳಸಿದ್ದರು.

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1970ರ ದಶಕದಲ್ಲಿ ಮರದ ತಿರುಳು ಹಾಗೂ ಕೃತಕ ನಾರಿನ ಕಾರ್ಖಾನೆಗಳು ಸ್ಥಾಪಿತವಾದವು. ಇಂತಹ ಉದ್ಯಮಗಳಲ್ಲಿ ಗಂಧಕದ ಲವಣಗಳೊಡನೆ ಮರವನ್ನು ಬೇಯಿಸುವಾಗ ಹೈಡ್ರೋಜನ್ ಸಲ್ಫೈಡ್, ಮರ್ಕ್ಯಾಪ್ಟನ್ ಮೊದಲಾದ ಅನಿಲಗಳೂ, ನಾರು ತೆಗೆಯುವಾಗ ಕಾರ್ಬನ್ ಡೈಸಲ್ಫೈಡ್ ಆವಿಯೂ ಹೊರಬೀಳುತ್ತವೆ. ಕೊಳೆತ ಮೊಟ್ಟೆಯ, ಕೊಳೆತ ಕೋಸಿನ ವಾಸನೆ ಇವುಗಳ ಗುರುತು.

ಶೋಧಕದಲ್ಲಿ ಗೊಬ್ಬರ, ತೊಗಟೆ, ಮರದ ಚಕ್ಕೆ, ತೆಂಗಿನ ನಾರುಗಳನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿರುತ್ತಾರೆ. ಧೂಳು ಕಳೆದು, ತಣಿಸಿ, ತೇವಗೊಳಿಸಿದ ಗಾಳಿಯನ್ನು ಕೆಳಗಿನಿಂದ ಹಾಯಿಸುತ್ತಾರೆ. ಅದು ಹಾಸಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗಾದರೂ ತಂಗಬೇಕು. ಆಗ ಬ್ಯಾಕ್ಟೀರಿಯಗಳು ಹೈಡ್ರೋಜನ್ ಸಲ್ಫೈಡನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಹೆಚ್ಚಿದರೆ ಅವೇ ಸಾಯುವುದರಿಂದ ಸುಣ್ಣಕಲ್ಲನ್ನು ಬೆರೆಸಬೇಕಾಗುತ್ತದೆ. ಹಾಸು ಒಣಗಿ ಬಿರಿದರಂತೂ ಅನಿಲವು ಬಿರುಕುಗಳಿಂದ ನೇರವಾಗಿ ಹೊರಬೀಳುವುದು. ನಮ್ಮ ಬೇಸಗೆಯಲ್ಲಿ ಈ ಎಚ್ಚರವೇ ಮುಖ್ಯ. ಕಟ್ಟಿಬಿಟ್ಟು ಮರೆಯುವ ಯಂತ್ರವಲ್ಲ ಇದು. ದನಕ್ಕೆ ನೀರು ಮೇವು ನೋಡುವಂತೆ ನೋಡಿಕೊಳ್ಳಬೇಕು.

ತೆಳುವಾದ ದುರ್ಗಂಧಕ್ಕೆ ಮಾತ್ರ ಇದು ತಕ್ಕುದು. ತಿರುಳು ಬೇಯಿಸುವ ಪಾತ್ರೆಯ ಸಾಂದ್ರ ಅನಿಲವನ್ನು ಕುಲುಮೆಯಲ್ಲಿ ಸುಡುವುದೇ ಯೋಗ್ಯ. ಬ್ಯಾಡಗಿಯ ಮೆಣಸಿನಕಾಯಿಯ ಘಾಟಿಗೂ ಇದು ಮದ್ದಲ್ಲ. ಅದು ಬಯಲಿನಲ್ಲಿ ಹಾರುವ ಧೂಳು. ತೊಟ್ಟು ಬಿಡಿಸುವ ತಾಯಂದಿರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನಿಂದ ಕೈ ತೊಳೆದ ಮೇಲೆಯೇ ಕೂಸಿಗೆ ಹಾಲೂಡಿಸಬೇಕು.

ಹಾವೇರಿಯಂತಹ ಊರುಗಳಲ್ಲಿಯೂ ಚರಂಡಿ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಸಂಗ್ರಹವಾಗಬಲ್ಲದು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು ಸುಮಾರು 100 ಭಾಗ ಸೇರಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಜಡವಾಗಿ, ವಾಸನೆಯೇ ತಿಳಿಯದಾಗುತ್ತದೆ. ಆದಕಾರಣ ನಾತ ನಿಂತಿತೆಂದು ಅಪಾಯ ಕಳೆಯಿತೆಂದು ಭಾವಿಸಬೇಡಿ. ಗಾಳಿಗಿಂತ ಭಾರವಾದ ಈ ಅನಿಲ ತಗ್ಗಿನಲ್ಲಿ ನಿಲ್ಲುತ್ತದೆ. ಗುಂಡಿಯಲ್ಲಿ ಒಬ್ಬರು ಕುಸಿದು ಬಿದ್ದರೆ, ಅವರು ಮನೆಯವರೇ ಆಗಿದ್ದರೂ, ನೀವು ಇಳಿಯಬೇಡಿ. ದೂರ ನಿಂತು ಕೂಡಲೇ 112ಕ್ಕೆ ಕರೆಮಾಡಿ.